ನಡುಪಟ್ಟಿಯ ಅಳತೆ

ಬನವಾಸಿ
೨-೧-೧೯೫೯

ಶಿರಸಿಯ ಬೀಗರು ಈರಪ್ಪ ಬಡಿಗೇರರಿಗೆ ಮೌನಪ್ಪ ಪತ್ತಾರನ ಶರಣು.

ಮದುವೆಗೆ ನಾನೇ ತಂತಿ ಎಳೆದು ಹೆಣೆದುಕೊಟ್ಟ ಮಗಳು ಕಾಳವ್ವನ ಬೆಳ್ಳಿ ನಡುಪಟ್ಟಿ ಮತ್ತೆ ಬಂತು. ಜೊತೆಗೆ ಅವಳ ನಡುವಿನ ಅಳತೆಯ ನೂಲೂ ಬಂತು. "ಮುದುಕನ ಕಣ್ಣು ಹೋಗ್ಯಾವೇನು? ಪಟ್ಟಿ ಜಾರಿ ಬೀಳ್ತದ" ಎಂದು ನಿಮ್ಮ ಮನೆಯವರು ಹೇಳಿ ಕಳಿಸಿದರಂತೆ.

ಹೋದ ಸಲ ನನ್ನದೇ ತಪ್ಪೆಂದು ನಂಬಿ ಹೆಣಿಕೆ ಬಿಚ್ಚಿ ಗಿಡ್ಡ ಮಾಡಿದೆ. ಈಗ ಬಂದ ನೂಲನ್ನು ನನ್ನ ಹೆಂಡತಿ ನಮ್ಮ ಎಂಟು ವರ್ಷದ ಮೊಮ್ಮಗಳ ನಡುವಿಗೆ ಸುತ್ತಿ ನೋಡಿದಳು. ಸರಿಯಾಗಿ ಕೂತಿತು. ಆಮೇಲೆ ಅವಳು ಒಲೆ ಹಚ್ಚಲಿಲ್ಲ.

ಮಕ್ಕಳನ್ನು ಹೆತ್ತವಳ ನಡು ಹಾಗಾಗುವತನಕ ನೀವು ಏನು ನೋಡುತ್ತಿದ್ದಿರಿ? ಕಾಯಿಲೆ ಎಂದು ಒಂದು ಸಾಲು ಬರೆಯಲು ಕೈ ಬರಲಿಲ್ಲವೇ? ಬಿಡಿ, ಬೈದು ಏನಾಗಬೇಕು. ಔಷಧದ ಹೊತ್ತು ಮೀರಿದೆ ಎಂದು ನನಗೂ ಗೊತ್ತಿದೆ.

ಪಟ್ಟಿ ಇನ್ನು ಗಿಡ್ಡ ಮಾಡುವುದಿಲ್ಲ. ಸೋಮವಾರ ಗಾಡಿ ಕಟ್ಟಿಕೊಂಡು ಬರುತ್ತೇನೆ, ಮಗಳನ್ನು ಕಳಿಸಿ. ಸಂಕ್ರಾಂತಿ ಆಗಲಿ ಎನ್ನಬೇಡಿ. ಗಾಡಿಯಲ್ಲಿ ಹುಲ್ಲು ದಪ್ಪಗೆ ಹಾಸಿರುತ್ತೇನೆ, ಮಲಗಿಕೊಂಡೇ ಬರಲಿ. ಜೀವ ಇರುವಾಗಲೇ ಅವಳವ್ವನಿಗೆ ಮಗಳ ಮುಖ ನೋಡಬೇಕಂತೆ. ನನಗೂ ನೋಡಬೇಕು.

ಇಂತಿ,
ಮೌನಪ್ಪ