ಬಂಗುಡೆಯ ಪ್ರಯಾಣಭತ್ಯೆ

ಕುಂದಾಪುರ

ಮಾನ್ಯ ಶಾಮರಾಯರಿಗೆ ವಂದನೆಗಳು.

"ಬಂಗುಡೆ, ಎಂಟುನೂರು ರೂಪಾಯಿ: ಇದೆಂತ?" ಎಂದು ಬರೆದು ನನ್ನ ಪ್ರಯಾಣಭತ್ಯೆಯ ಬಿಲ್ಲನ್ನು ಹಿಂದೆ ಕಳಿಸಿದ್ದೀರಿ.

ಬೈಂದೂರು, ಬ್ರಹ್ಮಾವರಕ್ಕೆ ಬಸ್ಸಿನ ಚೀಟಿ ಇಟ್ಟಿದ್ದೇನೆ. ಆದರೆ ತಲ್ಲೂರಿನಲ್ಲಿ ವಾಟರ್ ಫಿಲ್ಟರ್ ಸರ್ವಿಸ್ ಮುಗಿಸಿ ಹತ್ತಕ್ಕೆ ವಂಡ್ಸೆ ಮುಟ್ಟಲು ನನಗೆ ಸಿಗುವುದು ಪದ್ದಕ್ಕನ ಮೀನಿನ ರಿಕ್ಷಾ ಮಾತ್ರ. ಬಾಡಿಗೆ ಕೊಡಹೋದರೆ, "ಹ್ವಾಯ್, ಬಾಡ್ಗಿ ಎಂತಕ್ಕ್? ನೂರ್ ರುಪಾಯಿ ಮೀನ್ ತಕಣಿ, ಸಾಕ್" ಎನ್ನುತ್ತಾರೆ. ಹೀಗೆ ಎಂಟು ಸಲ. ಬಸ್ಸಿಗಾದರೆ ಚೀಟಿ ಉಂಟು, ಬಂಗುಡೆಗೆ ಎಲ್ಲುಂಟು?

ಪೂರ್ತಿ ತಿರಸ್ಕರಿಸಿದರೆ ನನ್ನ ಒಂದು ದಿನದ ಕೂಲಿಯೇ ಹೋಗುತ್ತದೆ. ಮೀನು ತಿಂದದ್ದು ನಾನೇ ಆದ್ದರಿಂದ ಅರ್ಧ ಕೊಟ್ಟರೂ ಸಾಕು.

ಪದ್ದಕ್ಕ ಮೀನು ಕಟ್ಟುವ ಪೇಪರಿನ ಮೇಲೆಯೇ ರಸೀದಿ ಬರೆದು ಸಹಿ ಹಾಕಿದ್ದಾರೆ. ಲಗತ್ತಿಸಿದ್ದೇನೆ. ವಾಸನೆಗೆ ಕ್ಷಮೆಯಿರಲಿ, ಮೂಲ ಪ್ರತಿಯೇ ಬೇಕೆಂದದ್ದು ನೀವೇ.

ಇತಿ ನಿಮ್ಮ ದಿನಗೂಲಿಯವ,
ಗೋವರ್ಧನ