ಹೊಳೆದಂಡೆಯ ದಾರಿಯಲ್ಲಿ ಅತ್ತೆ

ಕೊರಟಗೆರೆ
೧೫-೧೧-೧೯೮೨, ಸೋಮವಾರ

ಶಿರಾದಲ್ಲಿರುವ ನನ್ನವರಿಗೆ,

ನಿಮ್ಮ ರಾಜಲಕ್ಷ್ಮಿಯ ನಮಸ್ಕಾರಗಳು. ಗುರುವಾರ ಅತ್ತೆಯನ್ನು ಬಸ್ಸು ಹತ್ತಿಸಿದಿರಿ. ಇನ್ನೂ ಯಾಕೆ ಹಿಂದಿರುಗಲಿಲ್ಲ ಎಂದು ಯೋಚಿಸುತ್ತಿರಬಹುದು. ಅವರು ಸುಖವಾಗಿದ್ದಾರೆ. ಈಗ ಒಳಗೆ ಅವರೆಕಾಯಿ ಬಿಡಿಸುತ್ತಿದ್ದಾರೆ.

ನಾನು ಸೈಕಲ್ ತುಳಿಯುವುದನ್ನು ನಿಮ್ಮ ಮಂಡಿ ಅಂಗಡಿಯವರು ಯಾರೋ ಇಲ್ಲಿ ನೋಡಿ ಬಂದು ನಿಮಗೆ ಹೇಳಿದರು. ಸೈಕಲ್ ಬಿಡು, ಇಲ್ಲ ಮನೆ ಬಿಡು ಎಂದು ನೀವು ಬರೆದಿರಿ. ನಾನು ಉತ್ತರ ಕೊಡಲಿಲ್ಲ. ನರ್ಸಿನ ಕೆಲಸ ಹಿಡಿದು ಏಳು ಹಳ್ಳಿ ತಿರುಗುವವಳಿಗೆ ಇದು ಶೋಕಿಯಲ್ಲ ಎಂದು ಎಷ್ಟು ಸಲ ಹೇಳಲಿ?

ಇಲ್ಲಿನ ಹೊಳೆದಂಡೆಯ ದಾರಿಯನ್ನು ನೀವು ನೋಡಿಲ್ಲ. ಸೇತುವೆಯಿಂದ ಇಟ್ಟಿಗೆ ಗೂಡಿನವರೆಗೆ ಸುವರ್ಣಮುಖಿಯ ದಂಡೆಯನ್ನು ಮಟ್ಟ ಮಾಡಿ, ಗರಸು ಹಾಕಿ, ಹೊಂಗೆ ಸಸಿ ನೆಟ್ಟಿದ್ದಾರೆ. ಗಾಡಿ, ಬಸ್ಸುಗಳ ಕಾಟವಿಲ್ಲ. ಬೆಳಿಗ್ಗೆ ವಕೀಲರು, ಮೇಷ್ಟರು ಕೈಬೀಸಿಕೊಂಡು ನಡೆಯುತ್ತಾರೆ. ಸೈಕಲ್ ಕಲಿತಿದ್ದು ಅಲ್ಲೇ. ಮೊಣಕಾಲು ತರಚಿಕೊಂಡಿದ್ದೂ ಅಲ್ಲೇ.

ಗೊರವನಹಳ್ಳಿ ಲಕ್ಷ್ಮಿಗೆ ಹಣ್ಣುಕಾಯಿ ಮಾಡಿಸಲು ಬಂದೆ ಎಂದರು ಅತ್ತೆ. ಶುಕ್ರವಾರ ಮಾಡಿಸಿಕೊಂಡು ಬಂದೆವು. ಶನಿವಾರ ಬೆಳಿಗ್ಗೆ ಹೊಳೆಕಡೆಗೆ ಕರೆದೆ. ನಾನು ಸೈಕಲ್ ತಳ್ಳಿಕೊಂಡು, ಅವರು ಸೆರಗನ್ನು ತಲೆ ತುಂಬ ಹೊದ್ದುಕೊಂಡು ನಾಲ್ಕು ಹೆಜ್ಜೆ ಹಿಂದೆ. ಕಲ್ಲುಬೆಂಚಿನ ಮೇಲೆ ಕೂತಿದ್ದ ನಿವೃತ್ತ ಅಮಲ್ದಾರ್ ಅಡವಯ್ಯನವರು, ಸೊಸೆಗೆ ಬುದ್ಧಿ ಹೇಳೋಕೆ ಬಂದ್ರಾ ತಾಯಿ ಎಂದು ನಕ್ಕರು. ಅತ್ತೆಯ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಇಟ್ಟಿಗೆ ಗೂಡಿನ ಬೋರಯ್ಯ ಓಡಿ ಬಂದ. "ನರ್ಸಮ್ಮಾ, ನಮ್ಮೋಳ್ಗೆ ನೋವು ಜೋರಾಗೈತೆ. ಮನೇಲಿ ಯಾರೂ ಇಲ್ಲ ಕಣಮ್ಮ!"

ಅವನ ಹೆಂಡತಿ ಆಂಜಿನಮ್ಮನ ಹೆರಿಗೆಗೆ ಇನ್ನೂ ಹದಿನೈದು ದಿನ ಇತ್ತು. ನನ್ನ ಚೀಲ ಸೈಕಲ್ಲಿನಲ್ಲೇ ಇರುತ್ತದೆ. ನೀವು ಮನೆಗೆ ಹೋಗಿರಿ ಎಂದು ಅತ್ತೆಗೆ ಹೇಳಿ ಪೆಡಲಿನ ಮೇಲೆ ಕಾಲಿಟ್ಟೆ. ಅವರು ಕ್ಯಾರಿಯರ್ ಹಿಡಿದು ನಿಲ್ಲಿಸಿದರು.

"ನಾನೂ ಬತ್ತೀನಿ. ಒಬ್ಳೇ ಹೆಂಗ್ ನೋಡ್ಕಂತೀಯ?"

"ನಡೆದು ಬರೋಷ್ಟು ಹೊತ್ತಿಲ್ಲ ಅತ್ತೆ."

"ನಡೀತೀನಿ ಅಂದೋರ್ ಯಾರು? ಇದ್ರ ಮ್ಯಾಲ್ ಕೂರುಸ್ಕ."

ಅಡವಯ್ಯನವರ ಎದುರಿಗೇ ಹತ್ತಿ ಕೂತರು. ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ನನ್ನ ಸೊಂಟವನ್ನು ಭದ್ರವಾಗಿ ಹಿಡಿದರು. ದಾರಿ ಮುಗಿಯುವವರೆಗೂ ಬಾಯಲ್ಲಿ ದೇವರ ಹೆಸರು. ಜನ ನಿಂತು ನೋಡಿದರು. ನೋಡಲಿ ಎಂದುಕೊಂಡು ತುಳಿದೆ.

ಬೋರಯ್ಯನ ಗುಡಿಸಲು ಹೊಕ್ಕಾಗ ಕೂಸಿನ ತಲೆ ಕಾಣುತ್ತಿತ್ತು. ಕತ್ತಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಬಿಡಿಸಿ ಕೂಸನ್ನು ಹೊರತೆಗೆದೆ. ಕೂಸು ಅಳಲಿಲ್ಲ, ಮೈ ನೀಲಿಗಟ್ಟಿತ್ತು. ಅದರ ಬಾಯಿ ಒರೆಸಿ, ಉಸಿರು ಊದಿದೆ. ಅತ್ತೆ ತಮ್ಮ ಸೆರಗಿನಿಂದಲೇ ಅದರ ಬೆನ್ನು ತಿಕ್ಕಿದರು. "ಅಳೇ ಮಗಳೇ, ಅಳೇ" ಎಂದು ಬೇಡಿಕೊಂಡರು. ನಾನು ಮತ್ತೆ ಮತ್ತೆ ಊದಿದೆ. ಕೊನೆಗೆ ಅತ್ತಿತು. ಆಂಜಿನಮ್ಮನೂ ಅತ್ತಳು, ಅತ್ತೆಯೂ ಅತ್ತರು. ಬೋರಯ್ಯ ಕರೆತಂದ ಡಾಕ್ಟರು ನೋಡಿ, ಐದು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಬರುವಾಗ ನಡೆದೇ ಬಂದೆವು. ಬಿಸಿಲು ಏರಿತ್ತು. ಅತ್ತೆ ನೀರಿಗಿಳಿದು ಕೈ ತೊಳೆದು, ದಂಡೆಯಲ್ಲಿ ಕೂತರು. "ಬುದ್ಧಿ ಹೇಳಿ ಕರ್ಕಂಡ್ ಬಾ ಅಂತ ಅವ್ನೇ ಕಳಿಸ್ದ ಕಣಮ್ಮ. ಈಗ ನಾನ್ ಏನಂತ ಬುದ್ಧಿ ಹೇಳ್ಲಿ?" ಎಂದರು. ಸೆರಗು ಭುಜಕ್ಕೆ ಜಾರಿತ್ತು. ಎಳೆದುಕೊಳ್ಳಲಿಲ್ಲ.

ನಾನು ಕೆಲಸ ಬಿಡುವುದಿಲ್ಲ, ಸೈಕಲ್ಲನ್ನೂ ಬಿಡುವುದಿಲ್ಲ. ನಿಮ್ಮನ್ನೂ ಬಿಟ್ಟಿಲ್ಲ. ಬರುವ ಭಾನುವಾರ ಅತ್ತೆಯನ್ನು ಕರೆದುಕೊಂಡು ಹೋಗಲು ನೀವೇ ಬನ್ನಿ. ಒಂದು ಸಲ ನನ್ನ ಜೊತೆ ಈ ದಾರಿಯಲ್ಲಿ ನಡೆಯಿರಿ. ಆಮೇಲೆ ಮಾತಾಡೋಣ.

ಇಂತಿ,
ನಿಮ್ಮವಳೇ ಆದ
ರಾಜಲಕ್ಷ್ಮಿ

ಮರೆತಿದ್ದು: ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ನೀವು ಬರುತ್ತೇನೆಂದಾಗ, ಡ್ಯೂಟಿಯಿದೆ, ಬರಬೇಡಿ ಎಂದು ಬರೆದಿದ್ದೆ. ಡ್ಯೂಟಿ ಇರಲಿಲ್ಲ, ಕೋಪವಿತ್ತು. ಆದರೂ ಆ ಭಾನುವಾರ ಶಿರಾ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿನ ಮುಂದೆ ಮೂರು ಸಲ ಸೈಕಲ್ ತುಳಿದೆ. ನೀವು ಇಳಿಯಲಿಲ್ಲ.