ಈರುಳ್ಳಿ ಮೂಟೆ ಖಾಲಿಯಾದದ್ದಕ್ಕೆ ದ್ವೀಪದಲ್ಲೇ ಉಳಿದ ನನ್ನ ಗಂಡ

ಮಾನ್ಯ ದೋಣಿ ಸಾರಿಗೆ ಅಧಿಕಾರಿಗಳೇ,

ನನಗೆ ಮದುವೆಯಾಯಿತು! ಗಂಡ ಬಂಗಾರದಂಥವರು, ನಕ್ಕರೆ ಭುಜವೆಲ್ಲ ಕುಲುಕುತ್ತದೆ, ಮತ್ತು ಅವರೀಗ ನಿಮ್ಮ ದ್ವೀಪದಲ್ಲಿದ್ದಾರೆ. ನಾನು ಮಾತ್ರ ಇಲ್ಲಿ, ಅತ್ತೆಯ ಮನೆಯಲ್ಲಿದ್ದೇನೆ. ಹೊಸ ಜೋಡಿಯನ್ನು ಪ್ರವಾಸಕ್ಕೆ ಕರೆದೊಯ್ದು, ಅರ್ಧ ಜೋಡಿಯನ್ನು ವಾಪಸ್ ತಂದುಬಿಟ್ಟ ನಿಮ್ಮ ದೋಣಿಯ ಬಗ್ಗೆ ನಾಲ್ಕು ಮಾತು ಬರೆಯಲೇಬೇಕಾಗಿದೆ. ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಲಿಸಿದ್ದು ರಜೆ ಕೇಳುವ ಅರ್ಜಿ ಮಾತ್ರ. ಗಂಡನನ್ನು ಕೇಳುವ ಅರ್ಜಿಯಲ್ಲ. ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಿ, ಗಂಡನನ್ನು ಕಳಿಸಿ.

ಈ ಪತ್ರ ಓದುವ ಎಲ್ಲರಿಗೂ ನಿಮ್ಮ ನಿಯಮ ಗೊತ್ತಿರಲಿಕ್ಕಿಲ್ಲ. ದೋಣಿಯ ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಬೆಂಚು. ಎರಡು ಬೆಂಚಿನ ಭಾರವೂ ಸಮವಾಗುವವರೆಗೆ ದೋಣಿ ಹೊರಡುವುದಿಲ್ಲ. ಟಿಕೆಟ್ ಕಿಟಕಿಯ ಪಕ್ಕದಲ್ಲೇ ತೂಕದ ಯಂತ್ರ, ಅದರ ಪಕ್ಕದಲ್ಲಿ ನಿಮ್ಮ ನೌಕರ. ಎಲ್ಲರೂ ಅವನನ್ನು ತಕ್ಕಡಿಯಣ್ಣ ಎನ್ನುತ್ತಾರೆ. ಯಾರು ಎತ್ತ ಕೂರಬೇಕೆಂಬುದು ಅವನ ಮಾತು. ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ; ಕನ್ನಡಕದ ಅಜ್ಜ ಒಂದು ಕಡೆ, ಅವರ ಕನ್ನಡಕದ ಡಬ್ಬಿ ಇನ್ನೊಂದು ಕಡೆ. ಸುರಕ್ಷತೆ ಬೇಡವೆಂದು ಹೇಳಲು ನಾನು ಯಾರು? ಆದರೆ ನಮ್ಮವರು (ಹೀಗೆ ಬರೆಯುವಾಗ ಈಗಲೂ ಕೆನ್ನೆ ಬಿಸಿಯಾಗುತ್ತದೆ) ಬೇಕರಿ ನಡೆಸುವವರು. ತಾವು ರುಚಿ ನೋಡದ ಒಂದು ಬನ್ನನ್ನೂ ಗಿರಾಕಿಗೆ ಕೊಡದ ಪ್ರಾಮಾಣಿಕರು. ಆ ಪ್ರಾಮಾಣಿಕತೆಯೆಲ್ಲ ಅವರ ಮೈಮೇಲೇ ಇದೆ.

ಹೋಗುವಾಗ ತಕ್ಕಡಿಯಣ್ಣ ಅವರನ್ನು ಎಡಕ್ಕೆ ಕೂರಿಸಿ, ಬಲಕ್ಕೆ ನನ್ನನ್ನೂ, ಹೋಟೆಲಿಗೆ ಹೊರಟಿದ್ದ ಅಡುಗೆಯಾಕೆಯನ್ನೂ, ಅವಳ ಈರುಳ್ಳಿ ಮೂಟೆಯನ್ನೂ ಇಟ್ಟ. ನಡುವೆ ಎಂಜಿನ್ನಿನ ಗದ್ದಲ. ನಾವಿಬ್ಬರೂ ದಾರಿಯುದ್ದಕ್ಕೂ ಕೈ ಬೀಸಿಕೊಂಡು ಕೂತೆವು. ನನ್ನ ಕಣ್ಣು ತುಂಬಿದ್ದು ಕಂಡು ಅಡುಗೆಯಾಕೆ ಮೊಣಕೈಯಿಂದ ತಿವಿದಳು. "ಅಳ್ಬೇಡ ಕಣಮ್ಮ, ನೀನು ಹಗುರಾದ್ರೆ ದೋಣಿ ನಿನ್ ಗಂಡನ ಕಡೆ ವಾಲುತ್ತೆ."

"ನಾನೂ ಅದೇ ಕಡೆ ವಾಲಿದೀನಿ ಅಕ್ಕ" ಎಂದೆ. ಬಲಗಡೆಯ ಬೆಂಚೆಲ್ಲ ನಕ್ಕಿತು. ತಕ್ಕಡಿಯಣ್ಣ ನಗಲಿಲ್ಲ. ನಗುವಾಗ ಅಲುಗಾಡಬಾರದಂತೆ.

ದ್ವೀಪದ ಬಗ್ಗೆ ದೂರಿಲ್ಲ. ಹಸಿರು ನೀರು, ಬಿಳಿ ಮರಳು, ಕಿಟಕಿ ತೆರೆದರೆ ತೆಂಗಿನ ಗರಿ ಒಳಗೇ ಬರುತ್ತಿತ್ತು. ಹೋಟೆಲಿನಲ್ಲಿ ಬೆಳಗಿನ ತಿಂಡಿ ಬೇಕಾದಷ್ಟು. ನಮ್ಮವರು ಎಷ್ಟು ಬೇಕೆಂದು ತಾವೇ ತೀರ್ಮಾನಿಸಿದರು.

ವಾಪಸ್ ಬರುವ ದಿನ ತಕ್ಕಡಿಯಣ್ಣ ನನ್ನನ್ನು ಮೊದಲು ಕರೆದು ಬಲಗಡೆ ಕೂರಿಸಿದ. ನನ್ನೆದುರಿಗೆ ಒಬ್ಬ ವಕೀಲರು. ಆಮೇಲೆ ನಮ್ಮವರು ಯಂತ್ರದ ಮೇಲೆ ನಿಂತರು. ಅವನು ಮುಳ್ಳನ್ನು ನೋಡಿದ, ಅವರನ್ನು ನೋಡಿದ, ಮತ್ತೆ ಮುಳ್ಳನ್ನು ನೋಡಿದ.

"ಬರುವಾಗ ಈರುಳ್ಳಿ ಇತ್ತಲ್ಲ ಸಾರ್, ಎಲ್ಲಿ?"

"ತಿಂದ್ವಲ್ಲಪ್ಪ."

"ಎಲ್ಲಾನೂ?"

"ಹೋಟೆಲ್ನೋರೆಲ್ಲ ಸೇರಿ ತಿಂದ್ವಿ. ನಾನೊಬ್ನೇ ಅಲ್ಲ."

"ಹಾಗಾದ್ರೆ ನಿಮಗೆ ಸಮ ಯಾರೂ ಇಲ್ಲ. ನೀವು ಇಲ್ಲೇ ಇರಿ."

ನಾನು ಧಡಕ್ಕನೆ ಎದ್ದೆ. ವಕೀಲರ ಕಡೆ ದೋಣಿ ವಾಲಿತು, ಅವರು "ಏ ತಾಯಿ, ಕೂತ್ಕೊಳಮ್ಮ!" ಎಂದು ಕಿರುಚಿದರು. ಕೂತವರು ಏಳುವ ಹಾಗಿಲ್ಲವಂತೆ. ನಮ್ಮವರು ದಡದ ಮೇಲಿಂದಲೇ, "ನೀನು ಹೋಗಿರು, ನಾನು ಮುಂದಿನ ದೋಣಿಗೆ ಬಂದೆ" ಎಂದರು. ಯಾರಿಗೂ ತೊಂದರೆ ಕೊಡಬಾರದೆಂಬ ಸ್ವಭಾವ ಅವರದು. ಮಾನ್ಯರೇ, ನಾನು ಮದುವೆಯಾದದ್ದು ಯಾರನ್ನು, ಸಮತೂಕಕ್ಕೆ ಕೂತದ್ದು ಯಾರಿಗೆ? ಆ ವಕೀಲರಿಗೂ ನನಗೂ ಏನು ಸಂಬಂಧ?

ಮುಂದಿನ ದೋಣಿ ಬಂತು, ಅದರ ಮುಂದಿನದೂ ಬಂತು. ಪ್ರವಾಸಿಗಳೆಲ್ಲ ಕಡ್ಡಿಯಂಥವರು. ನಮ್ಮವರು ಹೊತ್ತು ಕಳೆಯಲು ಹೋಟೆಲಿನ ಒಲೆಯಲ್ಲಿ ಬ್ರೆಡ್ ಮಾಡಲು ಶುರುಮಾಡಿದ್ದಾರೆ. ಮಾಡಿದ್ದನ್ನು ರುಚಿ ನೋಡದೆ ಇರಲಾಗದು. ಕಾದಷ್ಟೂ ಭಾರ, ಭಾರವಾದಷ್ಟೂ ಕಾಯುವಿಕೆ. ನಿಮ್ಮ ಕಚೇರಿಗೆ ಫೋನ್ ಮಾಡಿದರೆ, "ಸಮತೂಕದ ಪ್ರಯಾಣಿಕರು ದೊರೆತ ಕೂಡಲೇ ಕಳುಹಿಸಲಾಗುವುದು" ಎಂಬ ಉತ್ತರ. ಅವರಿಗೆ ಸಮವಾಗಿ ಎದುರು ಬೆಂಚಿಗೆ ಹೊಸ ಈರುಳ್ಳಿ ಮೂಟೆ ಇಡಬಾರದೇ ಎಂದು ಕೇಳಿದೆ. ದ್ವೀಪದಿಂದ ಈರುಳ್ಳಿ ಹೊರತರಲು ಅವಕಾಶವಿಲ್ಲವಂತೆ, ಒಳಗೆ ಒಯ್ಯಬಹುದಂತೆ. ಗಂಡಂದಿರಿಗೂ ಇದೇ ನಿಯಮವೇ?

ನಿಮಗೆ ಇದು ತೂಕದ ಲೆಕ್ಕ. ನನಗೆ ಮಾನದ ಪ್ರಶ್ನೆ. ಹೊಸ ಸೊಸೆ ಪ್ರವಾಸದಿಂದ ಒಬ್ಬಳೇ ಬಂದಿಳಿದರೆ ಬೀದಿ ಏನೆಂದುಕೊಳ್ಳುತ್ತದೆ? ಎದುರುಮನೆಯಾಕೆ ಸಕ್ಕರೆ ಕೇಳುವ ನೆಪದಲ್ಲಿ ಬಂದು ನನ್ನ ಮುಖ ನೋಡಿ, ಸಕ್ಕರೆ ಮರೆತು ಹೋದಳು. ಅತ್ತೆ ಊಟಕ್ಕೆ ಮಗನ ತಟ್ಟೆಯನ್ನೂ ಇಟ್ಟು, ಮೆಲ್ಲಗೆ ಕೇಳಿದರು:

"ನಿಜ ಹೇಳು ಮಗಳೇ, ಜಗಳ ಆಡಿದ್ರಾ?"

"ಇಲ್ಲ ಅತ್ತೆ, ಅವರು ಹತ್ತಿದ್ರೆ ದೋಣಿ ವಾಲುತ್ತಂತೆ."

"ಹುಟ್ಟಿದಾಗಿಂದ ಈ ಮನೇಲೇ ಓಡಾಡಿದಾನೆ. ಮನೆ ಯಾವತ್ತಾದ್ರೂ ವಾಲಿದೆಯಾ?"

ನನಗೆ ಅಳು ಬಂತು, ಅಳುತ್ತಲೇ ತಕ್ಕಡಿಯಣ್ಣ ಅಂದದ್ದೆಲ್ಲ ಹೇಳಿದೆ. ಅವರು ಸೆರಗಿನಿಂದ ನನ್ನ ಮೂಗು ಒರೆಸಿ, ಎದ್ದು ನಿಂತು, ಅಡುಗೆಮನೆಯ ಬಾಗಿಲಿನ ಅಗಲವನ್ನೂ ತಮ್ಮ ಅಗಲವನ್ನೂ ಒಮ್ಮೆ ನೋಡಿಕೊಂಡರು. "ಅವನಿಗೆ ಸಮ ಯಾರೂ ಇಲ್ಲ ಅಂದ್ನಾ? ಅವನು ಯಾರ ಮಗ ಅಂತ ಆ ತಕ್ಕಡಿಯವನಿಗೆ ತೋರಿಸ್ತೀನಿ, ನಡಿ" ಎಂದು, ತಮ್ಮಷ್ಟೇ ಗಟ್ಟಿಮುಟ್ಟಾದ ತಂಗಿಗೂ ಹೇಳಿಕಳಿಸಿದರು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಹೋಗುವಾಗ ಅತ್ತೆ ಎಡಕ್ಕೆ, ಚಿಕ್ಕತ್ತೆ ಬಲಕ್ಕೆ. ನನ್ನನ್ನು ಎಲ್ಲಿ ಬೇಕಾದರೂ ತುರುಕಿ. ಬರುವಾಗ ಅತ್ತೆಯೂ ಚಿಕ್ಕತ್ತೆಯೂ ಒಂದೇ ಬೆಂಚಿನಲ್ಲಿ. ಎದುರಿನ ಬೆಂಚಿನಲ್ಲಿ ನಮ್ಮವರು, ಅವರ ಪಕ್ಕದಲ್ಲಿ ನಾನು. ಪಕ್ಕದಲ್ಲಿ, ಮಾನ್ಯರೇ, ಎದುರಿಗಲ್ಲ. ಇಷ್ಟಾದ ಮೇಲೂ ಅತ್ತೆಯರ ಕಡೆ ಸ್ವಲ್ಪ ಹಗುರವೆನಿಸಿದರೆ ವಕೀಲರನ್ನು ಬೇಕಾದರೆ ಹತ್ತಿಸಿಕೊಳ್ಳಿ. ತಕ್ಕಡಿಯಣ್ಣ ರಜೆ ಹಾಕದಿರಲಿ, ಯಂತ್ರದ ಮುಳ್ಳು ಗಟ್ಟಿಯಾಗಿರಲಿ. ನಾವು ಮೂವರೂ ಗುರುವಾರ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಿಮ್ಮ ಬಂದರಿಗೆ ಬಂದಿಳಿಯುತ್ತಿದ್ದೇವೆ.

ಇಂತಿ,
ಗಂಡನ ಬದಲು ವಕೀಲರಿಗೆ ಸಮ ಕೂತು ಬಂದ,
ಬೇಕರಿಯವರ ಹೆಂಡತಿ